ನಗು ಬರದಿದ್ದರೆ ಕೇಳಿಬಿಡು

"ಈ ದೇಶಕ್ಕೆ ಕೆಲಸಕ್ಕೆ ಅಂತ ಬಂದು ಎಂಟು ತಿಂಗಳಾಯ್ತು ಅಕ್ಕಾ. ಕೆಲಸದ ಬಗ್ಗೆ ಯಾರದ್ದೂ ದೂರಿಲ್ಲ. ಆದರೆ ಊಟದ ಹೊತ್ತಲ್ಲಿ ಎಲ್ಲರೂ ನಗುವಾಗ ಯಾಕೆ ಅಂತಲೇ ಗೊತ್ತಾಗುವುದಿಲ್ಲ. ಸುಮ್ನೆ ನಾನೂ ನಗುತ್ತೇನೆ. ನಾನೂ ಇವರಲ್ಲೊಬ್ಬ ಅನ್ನಿಸುವುದು ಯಾವಾಗ?" ಅಂತ ಕೇಳಿದ್ದೀಯ. ಅಕ್ಕಾ ಅಂದಿದ್ದೀಯಲ್ಲ, ಅದಕ್ಕೇ ನೀನು ಅಂತಲೇ ಬರೆಯುತ್ತೇನೆ.

ಮೊದಲು ಆ ಎಂಟು ತಿಂಗಳ ವಿಷಯ. ಫುಲ್‌ಬ್ರೈಟ್ ಅನ್ನುವ ಅಮೆರಿಕ ಸರ್ಕಾರದ ಧನಸಹಾಯದಲ್ಲಿ ಅಮೆರಿಕಕ್ಕೆ ಹೋಗಿ ಬಂದಿದ್ದ ಇನ್ನೂರು ನಾರ್ವೆಯವರನ್ನು ನಾರ್ವೆಯವರೇ ಆದ ಸಮಾಜಶಾಸ್ತ್ರಜ್ಞ ಲಿಸ್ಗಾರ್ಡ್ ವಿಚಾರಿಸಿ, 1955ರಲ್ಲಿ ಅದರ ಬಗ್ಗೆ ಬರೆದರು. ಅಲ್ಲಿ 6 ತಿಂಗಳಿಗಿಂತ ಕಡಿಮೆ ಇದ್ದವರು ಆರಾಮಾಗಿದ್ದರು. 18 ತಿಂಗಳು ದಾಟಿದವರೂ ಚೆನ್ನಾಗಿಯೇ ಇದ್ದರು. ಜಾಸ್ತಿ ಒದ್ದಾಡಿದವರು ಇವೆರಡರ ನಡುವಿನವರು. ಅಂದರೆ ನೀನೀಗ ಇರುವ ಜಾಗ. ಆಮೇಲೆ ಬಂದ ಅಧ್ಯಯನಗಳಲ್ಲಿ ಈ ಲೆಕ್ಕ ಎಲ್ಲರಿಗೂ ಹೊಂದಲಿಲ್ಲ, ಹಾಗಾಗಿ ಕ್ಯಾಲೆಂಡರ್ ನೋಡುತ್ತಾ ಕೂರಬೇಡ. ನನಗಂತೂ ಮೂರು ವರ್ಷ ಹಿಡಿಯಿತು. ಅದರಲ್ಲಿ ಎರಡು ವರ್ಷ ನಾನೇ ಹಾಳು ಮಾಡಿಕೊಂಡದ್ದು.

ಹೇಗೆ ಅಂದರೆ, ತಲೆ ಬಗ್ಗಿಸಿ ದುಡಿದರೆ ಅವರೇ ಹತ್ತಿರ ಸೇರಿಸಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಏನನ್ನೂ ಕೇಳುತ್ತಿರಲಿಲ್ಲ. ಪಕ್ಕದವಳು ಹತ್ತು ನಿಮಿಷದಲ್ಲಿ ಹೇಳಿಕೊಡಬಹುದಾದ ಒಂದು ವಿಷಯಕ್ಕೆ ಎರಡು ದಿನ ಒಬ್ಬಳೇ ತಿಣುಕಾಡಿದ್ದೇನೆ. ನನ್ನ ವೀಸಾ ಆ ಕೆಲಸಕ್ಕೇ ಗಂಟು ಬಿದ್ದಿತ್ತು. ಒಂದು ಪ್ರಶ್ನೆ ಕೇಳಿದರೆ 'ಇವಳಿಗೆ ಇಷ್ಟೂ ಗೊತ್ತಿಲ್ವಾ' ಅಂದುಬಿಟ್ಟರೆ ಅನ್ನುವ ಭಯ. ಇದು ಇಲ್ಲೇ ಹುಟ್ಟಿ ಬೆಳೆದವರಿಗೆ ಅಷ್ಟು ಸುಲಭವಾಗಿ ಅರ್ಥವಾಗುವ ಭಯವಲ್ಲ. ಅವರಿಗೆ ಕೆಲಸ ಹೋದರೆ ಕೆಲಸ ಮಾತ್ರ ಹೋಗುತ್ತದೆ. ನಮಗೆ ದೇಶವೇ ಹೋಗುತ್ತದೆ.

ಒಂದು ದಿನ ಅದೇ ಪಕ್ಕದವಳು ಅಂದಳು: "ನಿನಗೆ ನಮ್ಮ ಜೊತೆ ಸೇರುವುದು ಇಷ್ಟವಿಲ್ಲ ಅಂದುಕೊಂಡಿದ್ದೆವು." ನನ್ನ ಹೆದರಿಕೆ ಅವರ ಕಣ್ಣಿಗೆ ಜಂಭವಾಗಿ ಕಂಡಿತ್ತು! ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಹಾಗಂತ ಎಲ್ಲ ಕಡೆ ಬಾಯಿ ಬಿಡು ಅನ್ನುತ್ತಿಲ್ಲ. ಏಮಿ ಎಡ್ಮಂಡ್ಸನ್ ಅನ್ನುವ ಅಮೆರಿಕದ ಸಂಶೋಧಕಿ 1999ರಲ್ಲಿ ಒಂದು ಕಂಪನಿಯ 51 ತಂಡಗಳ ಬಗ್ಗೆ ಬರೆದಿದ್ದಾರೆ. ತಪ್ಪು ಒಪ್ಪಿಕೊಂಡರೆ, ಗೊತ್ತಿಲ್ಲ ಅಂದರೆ ಅವಮಾನ ಆಗುವುದಿಲ್ಲ ಅನ್ನುವ ಧೈರ್ಯ ಇದ್ದ ತಂಡಗಳು ಜಾಸ್ತಿ ಕಲಿಯುತ್ತಿದ್ದವು. ಅಂದರೆ ಧೈರ್ಯ ನಿನ್ನೊಬ್ಬನ ಸ್ವಭಾವದ ಮಾತಲ್ಲ, ಅದು ತಂಡದ ಗುಣ. ಒಂದು ವಾರ ಸುಮ್ನೆ ಗಮನಿಸು. ಅಲ್ಲಿ ಬೇರೆಯವರು 'ಗೊತ್ತಿಲ್ಲ' ಅಂದಾಗ ಏನಾಗುತ್ತದೆ? ಏನೂ ಆಗದಿದ್ದರೆ ನೀನೂ ಕೇಳು, ಚಿಕ್ಕದರಿಂದ ಶುರು ಮಾಡು.

ಇನ್ನೊಂದು ತಪ್ಪು ಹೆಸರಿನದು. ನನ್ನ ನಾಲ್ಕು ಅಕ್ಷರದ ಹೆಸರನ್ನು ನಾನೇ ಎರಡಕ್ಕೆ ಕತ್ತರಿಸಿ ಕೊಟ್ಟೆ, ಅವರು ಕೇಳಿಯೂ ಇರಲಿಲ್ಲ. ಒಮ್ಮೆ ಮೀಟಿಂಗಿನಲ್ಲಿ ಎರಡು ಸಲ ಕರೆದರೂ ನಾನು ತಿರುಗಲಿಲ್ಲ. ಯಾರನ್ನೋ ಕರೆಯುತ್ತಿದ್ದಾರೆ ಅಂದುಕೊಂಡಿದ್ದೆ! ಹೆಸರು ಮೊಟಕು ಮಾಡುವವರನ್ನು ನಾನು ಬೈಯುವುದಿಲ್ಲ. ಟೊರಾಂಟೊದಲ್ಲಿ ಸಾವಿರಾರು ಕಲ್ಪಿತ ರೆಸ್ಯೂಮೆಗಳನ್ನು ಕಳಿಸಿ ನಡೆಸಿದ ಪರೀಕ್ಷೆಯೊಂದು 2011ರಲ್ಲಿ ಪ್ರಕಟವಾಯಿತು. ಓದು, ಅನುಭವ ಒಂದೇ ಮಟ್ಟದ್ದಾದರೂ ಭಾರತ, ಪಾಕಿಸ್ತಾನ, ಚೀನಾದ ಹೆಸರುಗಳಿಗಿಂತ ಇಂಗ್ಲಿಷ್ ಹೆಸರುಗಳಿಗೆ ಹೆಚ್ಚು ಕರೆ ಬಂದಿದ್ದವು. ಕೆಲಸ ಸಿಗುವ ತನಕ ಏನು ಮಾಡಬೇಕು ಅನ್ನುವುದು ಅವರವರ ಕಷ್ಟ. ಆದರೆ ನಿನಗೆ ಕೆಲಸ ಸಿಕ್ಕಾಗಿದೆ. ಈಗ ಪೂರ್ತಿ ಹೆಸರು ಹೇಳಿಕೊಡು. ನನ್ನ ಹೆಸರನ್ನು ಇವರು ಈಗಲೂ ಸ್ವಲ್ಪ ಕೆಡಿಸಿಯೇ ಹೇಳುತ್ತಾರೆ, ನಾನು ಇವರ ಹೆಸರುಗಳನ್ನು ಹೇಳುವ ಹಾಗೆ. ಲೆಕ್ಕ ಚುಕ್ತಾ.

ವಲಸೆ ಬಂದವರ ಮನಸ್ಸಿನ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ಕೆನಡಾದ ಜಾನ್ ಬೆರಿ ಕೇಳುವುದು ಎರಡೇ ಪ್ರಶ್ನೆ: ನಿನ್ನದನ್ನು ಉಳಿಸಿಕೊಳ್ಳುತ್ತೀಯಾ? ಅವರ ಜೊತೆ ಬೆರೆಯುತ್ತೀಯಾ? ಎರಡಕ್ಕೂ ಹೌದು ಅನ್ನುವವರು ಸಾಮಾನ್ಯವಾಗಿ ಹೆಚ್ಚು ನೆಮ್ಮದಿಯಾಗಿರುತ್ತಾರೆ ಅನ್ನುವುದು ಅವರ ಮಾತು. ನಾನು ಮೊದಲನೆಯದಕ್ಕೆ ಇಲ್ಲ ಅಂದುಬಿಟ್ಟಿದ್ದೆ. ಆದರೆ ಅವರೇ ಇನ್ನೊಂದನ್ನೂ ಹೇಳುತ್ತಾರೆ: ಎದುರಿನವರಿಗೂ ಮನಸ್ಸಿದ್ದರೆ ಮಾತ್ರ ಇದು ನಡೆಯುತ್ತದೆ. ನೀನು ಎಷ್ಟೇ ಕೈ ಚಾಚಿದರೂ ಹಿಡಿಯದ ಜಾಗಗಳಿವೆ. ನಿನ್ನ ಉಚ್ಚಾರಣೆಯನ್ನು ಅಣಕಿಸುವುದು ದಿನಚರಿಯಾದರೆ, ಮುಖ್ಯ ಕೆಲಸಗಳೆಲ್ಲ ನಿನ್ನ ಪಕ್ಕದಿಂದಲೇ ದಾಟಿಹೋಗುತ್ತಿದ್ದರೆ, ಅದು ನೀನು ಹೊಂದಿಕೊಳ್ಳದ ದೋಷವಲ್ಲ. ತಾರೀಖು ಹಾಕಿ ಬರೆದಿಟ್ಟುಕೋ, ಮತ್ತೆ ಬೇರೆ ಕೆಲಸ ಹುಡುಕು. ಅಂಥದ್ದೊಂದು ಜಾಗ ಬಿಟ್ಟು ಬಂದವಳು ನಾನು.

ನಮ್ಮ ಭಾಷೆಯವರ ಗುಂಪು ಬಿಡಬೇಡ, ಮನಸ್ಸು ಹಗುರ ಮಾಡಿಕೊಳ್ಳಲು ಅದು ಬೇಕೇ ಬೇಕು. ಆದರೆ ಕೆಲಸದ ಸುದ್ದಿಗೆ ಅದೊಂದನ್ನೇ ನಂಬಬೇಡ. ಅಲ್ಲಿ ಒಬ್ಬರಿಗೆ ಗೊತ್ತಿದ್ದದ್ದೇ ಎಲ್ಲರಿಗೂ ಗೊತ್ತಿರುತ್ತದೆ. ನನ್ನ ಈಗಿನ ಕೆಲಸದ ಬಗ್ಗೆ ಹೇಳಿದವರು ಲಿಫ್ಟಿನಲ್ಲಿ ನಮಸ್ಕಾರದಷ್ಟೇ ಪರಿಚಯ ಇದ್ದವರು.

ಇನ್ನು ನಿನ್ನ ಊಟದ ಟೇಬಲ್ಲು. ಇಷ್ಟು ವರ್ಷವಾದರೂ ಅವರ ಜೋಕುಗಳಲ್ಲಿ ಅರ್ಧ ನನಗೆ ತಿಳಿಯುವುದಿಲ್ಲ ತಮ್ಮಾ. ಅವರು ಚಿಕ್ಕಂದಿನಲ್ಲಿ ನೋಡಿದ ಟಿವಿ ಕಾರ್ಯಕ್ರಮ, ಶಾಲೆಯ ಮೇಷ್ಟರು, ಎಂದೋ ಸೋತ ಮ್ಯಾಚು, ಎಲ್ಲಾ ಅದರೊಳಗಿರುತ್ತವೆ. ಮೊದಲು ನಿನ್ನ ಹಾಗೇ ಸುಮ್ನೆ ನಗುತ್ತಿದ್ದೆ. ಈಗ ಪಕ್ಕದವರನ್ನು ಕೇಳಿಬಿಡುತ್ತೇನೆ. ಅವರು ಗಂಭೀರವಾಗಿ ಐದು ನಿಮಿಷ ವಿವರಿಸುತ್ತಾರೆ. ಅಷ್ಟು ಹೊತ್ತಿಗೆ ಅದರಲ್ಲಿ ನಗುವಂಥದ್ದೇನೂ ಉಳಿದಿರುವುದಿಲ್ಲ. ಆಗ ಇಬ್ಬರಿಗೂ ನಗು ಬರುತ್ತದೆ.