ಮನೆಯಲ್ಲಿ ಬರುವ ಲೆಕ್ಕ ಪರೀಕ್ಷೆಯಲ್ಲಿ ಯಾಕೆ ಬರಲ್ಲ?

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಅಮ್ಮನ ಜೊತೆ ನನ್ನ ಬಳಿ ಸಲಹೆಗೆ ಬಂದ ಹುಡುಗನಿಗೆ ಹತ್ತು ವರ್ಷ. ಅಮ್ಮನ ದೂರು ಒಂದೇ: "ಮನೆಯಲ್ಲಿ ಕೂರಿಸಿಕೊಂಡು ಮಾಡಿಸಿದ್ರೆ ಎಲ್ಲಾ ಲೆಕ್ಕ ಸರಿ ಮಾಡ್ತಾನೆ ಮೇಡಂ. ಪರೀಕ್ಷೆಯಲ್ಲಿ ಅಂಥದ್ದೇ ಬಂದರೂ ಬಿಟ್ಟು ಬರ್ತಾನೆ. ಬರೀ ಅಸಡ್ಡೆ." ಆ ಮಾತು ಅವನಿಗೆ ಕೇಳಿ ಕೇಳಿ ಸಾಕಾಗಿತ್ತು ಅನ್ನಿಸುತ್ತೆ. ಕಿಟಕಿ ಕಡೆ ತಿರುಗಿ ಕೂತ.

ಅವನ ಅಭ್ಯಾಸದ ಪುಸ್ತಕ ನೋಡಿದೆ. ಪುಟದ ಮೇಲೆ ದಪ್ಪ ಅಕ್ಷರದಲ್ಲಿ 'ಭಾಗಾಕಾರ' ಅಂತ ಇತ್ತು. ಕೆಳಗಿದ್ದ ಲೆಕ್ಕಗಳೆಲ್ಲ ಸರಿ. ನಾನು ಖಾಲಿ ಹಾಳೆಯಲ್ಲಿ ಒಂದು ಲೆಕ್ಕ ಬರೆದುಕೊಟ್ಟೆ: 38 ಮಕ್ಕಳು ಪ್ರವಾಸಕ್ಕೆ ಹೊರಟಿದ್ದಾರೆ. ಒಂದು ವ್ಯಾನಿನಲ್ಲಿ 8 ಮಕ್ಕಳು ಕೂರಬಹುದು. ಎಷ್ಟು ವ್ಯಾನ್ ಬೇಕು?

"ಇದು ಗುಣಿಸೋದಾ, ಭಾಗಿಸೋದಾ?" ಅಂದ. ನಾನು ಸುಮ್ನೆ ಇದ್ದೆ. ಅಮ್ಮನ ಮುಖ ನೋಡಿದ. ಅವರು ಇನ್ನೇನು ಹೇಳಿಬಿಡುತ್ತಿದ್ದರು, ಬೇಡ ಅಂತ ಸನ್ನೆ ಮಾಡಿದೆ. ಕೊನೆಗೆ ಭಾಗಿಸಿ '4, ಶೇಷ 6' ಎಂದು ಬರೆದ. "ಆ 6 ಮಕ್ಕಳು ಏನು ಮಾಡಬೇಕು?" ಎಂದೆ. ಹಾಳೆಯನ್ನೇ ನೋಡಿದ. "ಅಯ್ಯೋ, ಇನ್ನೊಂದು ವ್ಯಾನ್ ಬೇಕಲ್ವಾ!"

ಭಾಗಿಸೋದು ಅವನಿಗೆ ಚೆನ್ನಾಗಿಯೇ ಬರುತ್ತೆ. ಆದರೆ ಎಲ್ಲಿ ಭಾಗಿಸಬೇಕು ಅಂತ ಅವನು ಒಮ್ಮೆಯೂ ಯೋಚಿಸಬೇಕಾಗಿ ಬಂದಿರಲಿಲ್ಲ. ಪುಟದ ಶೀರ್ಷಿಕೆ ಹೇಳುತ್ತಿತ್ತು, ಇಲ್ಲಾಂದ್ರೆ ಅಮ್ಮ ಹೇಳುತ್ತಿದ್ದರು. ಪರೀಕ್ಷೆಯಲ್ಲಿ ಎರಡೂ ಇಲ್ಲ.

ಒಂದು ಕಡೆ ಕಲಿತದ್ದು ಇನ್ನೊಂದು ಕಡೆ ತಾನಾಗಿ ಬಂದುಬಿಡುವುದಿಲ್ಲ ಅಂತ ಮನೋವಿಜ್ಞಾನಿಗಳಾದ ಥಾರ್ನ್‌ಡೈಕ್ ಮತ್ತು ವುಡ್‌ವರ್ತ್ 1901ರಲ್ಲೇ ತೋರಿಸಿದ್ದರು. 1908ರಲ್ಲಿ ಜಡ್ ಎಂಬ ಇನ್ನೊಬ್ಬ ಮನೋವಿಜ್ಞಾನಿ ಪ್ರಕಟಿಸಿದ ಪ್ರಯೋಗ ನನಗೆ ಇನ್ನೂ ಇಷ್ಟ. ಮಕ್ಕಳು ನೀರಿನೊಳಗಿನ ಗುರಿಗೆ ಹೊಡೆಯಬೇಕಿತ್ತು. ನೀರಿನಲ್ಲಿ ಬೆಳಕು ಹೇಗೆ ಬಾಗುತ್ತೆ ಅಂತ ಕೆಲವರಿಗೆ ಮಾತ್ರ ಮೊದಲೇ ವಿವರಿಸಿದ್ದರು. ಶುರುವಿನಲ್ಲಿ ಎರಡೂ ಗುಂಪು ಒಂದೇ. ಗುರಿಯ ಆಳ ಬದಲಿಸಿದಾಗ ಕಾರಣ ಗೊತ್ತಿದ್ದವರು ಬೇಗ ಹೊಂದಿಕೊಂಡರು.

ಅಮ್ಮನಿಗೆ ಹೇಳಿದ್ದು ಇಷ್ಟು. ಒಂದೇ ಜಾತಿಯ ಲೆಕ್ಕ ಸಾಲಾಗಿ ಮಾಡಿಸಬೇಡಿ, ನಾಲ್ಕೂ ಬಗೆಯದನ್ನು ಕಲಸಿ ಕೊಡಿ. ಪೆನ್ಸಿಲ್ ಹಿಡಿಯುವ ಮೊದಲು "ಏನು ಕೇಳ್ತಿದ್ದಾರೆ?" ಅಂತ ಅವನ ಮಾತಿನಲ್ಲೇ ಹೇಳಲಿ. ಲೆಕ್ಕಗಳನ್ನು ಜೋಡಿ ಮಾಡಿ ಕೊಡಿ. 38 ಪೆನ್ಸಿಲನ್ನು 8ರಂತೆ ಡಬ್ಬಿಗೆ ತುಂಬಿದರೆ ಎಷ್ಟು ಡಬ್ಬಿ ಪೂರ್ತಿ ತುಂಬುತ್ತೆ? ಇಲ್ಲಿ ಉತ್ತರ 4, ವ್ಯಾನಿಗೆ 5. ಭಾಗಾಕಾರ ಅದೇ ಆದರೂ ಉತ್ತರ ಯಾಕೆ ಬೇರೆ ಅಂತ ಅವನೇ ವಿವರಿಸಲಿ. ನೀವು ವಿವರಿಸಿದರೆ ಅದು ಮತ್ತೆ ನಿಮ್ಮ ಲೆಕ್ಕವೇ ಆಗುತ್ತೆ.

ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟೆ. ಹೀಗೆ ಕಲಸಿ ಕೊಟ್ಟರೆ ಮೊದಮೊದಲು ತಪ್ಪು ಜಾಸ್ತಿ ಆಗುತ್ತೆ. ಗಾಬರಿಯಾಗಿ ಹಳೇ ಪದ್ಧತಿಗೆ ಹೋಗಬೇಡಿ.

"ಚೆಸ್‌ಗೆ ಸೇರಿಸಿದ್ರೆ ಗಣಿತ ಸುಧಾರಿಸುತ್ತಾ?" ಎಂದರು. ಇದನ್ನು ಕೇಳದ ಪೋಷಕರೇ ಕಡಿಮೆ. ಅವನಿಗೆ ಚೆಸ್ ಇಷ್ಟವಿದ್ದರೆ ಆಡಲಿ, ಗಣಿತಕ್ಕೆ ಗಣಿತವನ್ನೇ ಮಾಡಿಸಿ ಎಂದೆ.

ಮುಂದಿನ ಭೇಟಿಯಲ್ಲಿ ಅಮ್ಮನ ದೂರು ಬದಲಾಗಿತ್ತು: "ಈಗ ತುಂಬಾ ನಿಧಾನ ಮಾಡ್ತಾನೆ." ಪರೀಕ್ಷೆಯಲ್ಲಿ ಕೊನೆಯ ಒಂದೆರಡು ಲೆಕ್ಕಕ್ಕೆ ಸಮಯ ಸಾಲಲಿಲ್ಲವಂತೆ, ಆದರೆ ಯಾವುದನ್ನೂ ಅರ್ಥವಾಗಲಿಲ್ಲ ಅಂತ ಬಿಟ್ಟಿರಲಿಲ್ಲ. ಸದ್ಯಕ್ಕೆ ಗಡಿಯಾರ ನೋಡಬೇಡಿ ಎಂದಿದ್ದೇನೆ. ಇನ್ನು ಮೇಲೆ ಲೆಕ್ಕ ಕಟ್ಟುವುದು ಅವನ ಕೆಲಸ, ಬಿಡಿಸುವುದು ಅಮ್ಮನದು. ಹುಡುಗ ಆಗಲೇ ಒಂದು ಕಟ್ಟಿದ್ದಾನೆ. ಅದರಲ್ಲಿ ಬೇಕಂತಲೇ ಬೇಡದ ಒಂದು ಸಂಖ್ಯೆ ಸೇರಿಸಿದ್ದಾನೆ.