ಬಿಲದಲ್ಲಿ ಕೂತ ಕ್ರೇಫಿಶ್ಶಿನಿಂದ ಶುರು ಮಾಡಿ

ನಮಸ್ಕಾರ.

ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ಸುಮ್ನೆ 'ವಿಷಾದಿಸುತ್ತೇವೆ' ಅಂತ ಒಂದು ಸಾಲು ಬರೆದು ಕೈ ತೊಳೆದುಕೊಳ್ಳಲು ಮನಸ್ಸು ಬರಲಿಲ್ಲ. ವಿಷಯ ಅಷ್ಟು ಚೆನ್ನಾಗಿದೆ.

ಮೊದಲರ್ಧದಲ್ಲಿ ಬಡ ದೇಶಗಳಿಗೆ ಇಂಟರ್ನೆಟ್ ಜೋಡಿಸಿದ ಸಾಧನಗಳು ಬಂದ ಕಥೆ ಹೇಳಿದ್ದೀರಿ. ಉಳಿದರ್ಧದಲ್ಲಿ ಕೀನ್ಯಾದ ನೈವಾಶಾ ಸರೋವರ, ಅಲ್ಲಿನ ಕ್ರೇಫಿಶ್ ಎಂಬ ಇಕ್ಕಳವಿರುವ ಸಿಹಿನೀರಿನ ಪ್ರಾಣಿ. ಕೊನೆಗೆ 'ಸರೋವರದ ತುಂಬ ಸೆನ್ಸರ್ ಇಟ್ಟರೆ ಕ್ರೇಫಿಶ್ ಹಾವಳಿ ಹತೋಟಿಗೆ ಬರುತ್ತದೆ' ಎಂದು ಮುಗಿಸಿದ್ದೀರಿ. ಹೇಗೆ ಬರುತ್ತದೆ? ಇಡೀ ಲೇಖನದಲ್ಲಿ ನಾನು ಹುಡುಕಿದ್ದು ಇದೊಂದನ್ನೇ. ಸಿಗಲಿಲ್ಲ.

ನೀರಲ್ಲಿಟ್ಟ ಸೆನ್ಸರ್ ಏನು ಅಳೆಯುತ್ತದೆ? ನೀರಿನ ಬಿಸಿ, ಅದರಲ್ಲಿ ಕರಗಿದ ಆಮ್ಲಜನಕ, ನೀರು ಎಷ್ಟು ಕಲಕಿದೆ, ಮಟ್ಟ ಎಷ್ಟಿದೆ, ಇಂಥವನ್ನು. ಕ್ರೇಫಿಶ್ ಎಷ್ಟಿವೆ ಎಂದು ಅದಕ್ಕೆ ಗೊತ್ತಿಲ್ಲ. ನೀರು ರಾಡಿಯಾಗಿದೆ ಎಂದು ಹೇಳಬಹುದು. ರಾಡಿ ಮಾಡಿದ್ದು ಕ್ರೇಫಿಶ್ಶೋ, ಕಾರ್ಪ್ ಮೀನೋ, ನೀರಾನೆಯೋ, ರಾತ್ರಿ ಸುರಿದ ಮಳೆಯೋ? ಆಮ್ಲಜನಕ ಕಡಿಮೆಯಾದರೆ ಕ್ರೇಫಿಶ್ ಸಾಯುತ್ತವೆ ಎಂದೂ ಬರೆದಿದ್ದೀರಿ. ಈ ಜಾತಿ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ನೀರು ಕೆಟ್ಟರೆ ಮೇಲೆ ಬಂದು ಗಾಳಿಯನ್ನೇ ಉಸಿರಾಡುತ್ತದೆ, ದಡ ಹತ್ತಿ ಬೇರೆ ನೀರಿಗೆ ನಡೆದು ಹೋಗುತ್ತದೆ.

ಇನ್ನೊಂದು. ಯಂತ್ರವನ್ನು ಒಮ್ಮೆ ಇಟ್ಟರೆ ಆಯಿತು ಎಂಬ ಭಾವನೆ ನಿಮ್ಮ ಬರಹದಲ್ಲಿದೆ. ಬೆಚ್ಚಗಿನ ನೀರಿನಲ್ಲಿ ಕೆಲವೇ ವಾರಗಳಲ್ಲಿ ಅದರ ತುದಿಗೆ ಲೋಳೆ, ಪಾಚಿ ಕಟ್ಟುತ್ತದೆ. ಯಾರಾದರೂ ದೋಣಿಯಲ್ಲಿ ಹೋಗಿ, ಮೇಲೆತ್ತಿ, ಮೆತ್ತಗೆ ಉಜ್ಜಿ ತೊಳೆಯಬೇಕು. ಇಲ್ಲದಿದ್ದರೆ ಅದು ಕಳಿಸುವುದು ತನ್ನ ಮೈಮೇಲಿನ ಪಾಚಿಯ ಲೆಕ್ಕ, ಸರೋವರದ್ದಲ್ಲ. ಆ ತೊಳೆಯುವ ಮನುಷ್ಯ ನಿಮ್ಮ ಲೇಖನದಲ್ಲಿ ಇರಲೇಬೇಕು.

ಕ್ರೇಫಿಶ್ ಭಾಗದಲ್ಲಿ ತಪ್ಪುಗಳು ಜಾಸ್ತಿ. ಮೂರು ಕಡೆ 'ಸೀಗಡಿ' ಎಂದಿದ್ದೀರಿ. ಸೀಗಡಿ ಈಜಾಡುವ ಪ್ರಾಣಿ. ಇದು ತಳದಲ್ಲಿ ನಡೆಯುತ್ತದೆ, ಮುಂದೆ ಏಡಿಗಿರುವಂಥ ಇಕ್ಕಳಗಳಿವೆ. ಕ್ರೇಫಿಶ್ ಎಂದೇ ಬರೆಯಿರಿ, ಒಂದು ಸಾಲಿನಲ್ಲಿ ಅದರ ಮೈಕಟ್ಟು ಹೇಳಿ, ಸಾಕು. 'ಆಫ್ರಿಕಾದ ಕ್ರೇಫಿಶ್' ಅನ್ನುವುದನ್ನೂ ತೆಗೆಯಿರಿ. ಮಡಗಾಸ್ಕರ್ ದ್ವೀಪ ಬಿಟ್ಟರೆ ಆಫ್ರಿಕಾ ಖಂಡಕ್ಕೆ ತನ್ನದೇ ಆದ ಕ್ರೇಫಿಶ್ ಇಲ್ಲ. ನೈವಾಶಾದ ಕೆಂಪು ಕ್ರೇಫಿಶ್ ಮೂಲತಃ ಅಮೆರಿಕದ ದಕ್ಷಿಣ ಭಾಗದ್ದು. 1970ರಲ್ಲಿ ಮೀನುಗಾರಿಕೆಗೆ ಲಾಭವಾಗಲಿ ಎಂದು ತಂದು ಬಿಟ್ಟರು. ನೀವು ನಡುವೆ ಸೇರಿಸಿದ ಜಾಂಬಿಯಾದ ಪ್ರಸಂಗ, ಬಲೆಗೆ ಬಿದ್ದ ಮೀನನ್ನು ಕ್ರೇಫಿಶ್ ಕಚ್ಚಿ ತಿಂದು ಹಾಳು ಮಾಡುವುದು, ನಿಜವೇ. ಆದರೆ ಕಫುಯೆ, ಜಾಂಬೆಜಿ ನದಿಗಳಲ್ಲಿ ಇರುವುದು ಬೇರೆ ಜಾತಿ. ಅದು ಆಸ್ಟ್ರೇಲಿಯಾ ಕಡೆಯದು, ಸಾಕಲು ತಂದದ್ದು ತಪ್ಪಿಸಿಕೊಂಡು ಹರಡಿತು. ಎರಡನ್ನೂ ಒಂದೇ ಬುಟ್ಟಿಗೆ ಹಾಕಬೇಡಿ.

ನೈವಾಶಾದಲ್ಲಿ ಕ್ರೇಫಿಶ್ 'ದಿನೇದಿನೇ ಹೆಚ್ಚುತ್ತಲೇ ಹೋದವು' ಎಂದಿದ್ದೀರಲ್ಲ, ನಡೆದದ್ದು ಅದಕ್ಕಿಂತ ಸ್ವಾರಸ್ಯವಾಗಿದೆ. ಅವು ಹೆಚ್ಚಿದಾಗ ನೀರೊಳಗಿನ ಗಿಡಗಳು, ನೈದಿಲೆ ಕಾಣೆಯಾದವು. ತಿನ್ನಲು ಗಿಡ ಇಲ್ಲದಾದಾಗ ಅವೇ ಕಡಿಮೆಯಾದವು. ಆಗ ಗಿಡ ಮತ್ತೆ ಚಿಗುರಿತು. ಈ ಏರಿಳಿತ ವರ್ಷಗಟ್ಟಲೆ ನಡೆಯಿತು. 2000ದ ಈಚೆಗೆ ಕಾರ್ಪ್ ಮೀನು ಬಂದು ಲೆಕ್ಕವೇ ಬದಲಾಯಿತು. ಇದನ್ನು ನಿಧಾನವಾಗಿ, ಒಂದು ಪುಟ ತೆಗೆದುಕೊಂಡು ಬರೆಯಿರಿ.

ಸಾಧನಗಳ ಭಾಗದಲ್ಲಿ ಹತ್ತು ಸಾಲಿಗೆ ಹತ್ತು ಯಂತ್ರ ಬಂದು ಹೋಗುತ್ತವೆ. ಒಂದನ್ನು ಇಟ್ಟುಕೊಳ್ಳಿ. ನೀವೇ ಅರ್ಧ ಸಾಲಿನಲ್ಲಿ ಹೇಳಿ ಬಿಟ್ಟಿರುವ ಕ್ಯೂಸೋ ಊರಿನ ಕೈಪಂಪು ಆಗಬಹುದು. ಅದೂ ಕೀನ್ಯಾದ್ದೇ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಪಂಪಿನ ಹಿಡಿಕೆಯೊಳಗೆ ಪುಟ್ಟ ಸಾಧನ ಕೂರಿಸಿದರು. ಹಿಡಿಕೆ ಮೇಲೆ ಕೆಳಗೆ ಆಡಿದ್ದನ್ನು ಅದು ಎಣಿಸಿ ಮೊಬೈಲ್ ನೆಟ್‌ವರ್ಕ್ ಮೂಲಕ ಕಳಿಸುತ್ತಿತ್ತು. ಎಣಿಕೆ ನಿಂತರೆ ಪಂಪು ಕೆಟ್ಟಿದೆ ಎಂದು ಅರ್ಥ. ಮೊದಲು ರಿಪೇರಿಗೆ ಸರಾಸರಿ 27 ದಿನ ಹಿಡಿಯುತ್ತಿದ್ದದ್ದು 3 ದಿನಕ್ಕೆ ಇಳಿಯಿತು. ಸಾಧನವೊಂದರಿಂದಲೇ ಇಳಿದದ್ದಲ್ಲ. ಸಂದೇಶ ಬಂದ ಕೂಡಲೇ ಸಾಮಾನು ಹಿಡಿದು ಹೊರಡುವ ಮೆಕ್ಯಾನಿಕ್ ಅಲ್ಲಿದ್ದ. ನೈವಾಶಾದಿಂದ ಸಂದೇಶ ಬಂದರೆ ಹೊರಡುವವರು ಯಾರು? ಹೋಗಿ ಏನು ಮಾಡುತ್ತಾರೆ? ನಿಮ್ಮ ಎರಡು ಅರ್ಧಗಳು ಸೇರುವ ಜಾಗ ಇದು. ಅಲ್ಲಿ ಮೀನುಗಾರ ಸಿಗುತ್ತಾನೆ. ಅವನ ಕೈಯಲ್ಲಿ ಫೋನ್ ಇದೆ. ಇವತ್ತು ಎಷ್ಟು ಬೋನು ಇಟ್ಟೆ, ಎಷ್ಟು ಕ್ರೇಫಿಶ್ ಬಿದ್ದವು ಎಂದು ಅವನು ಕಳಿಸುವ ಎರಡು ಅಂಕಿ ನಿಮಗೆ ಯಾವ ಸೆನ್ಸರಿಗಿಂತ ಹೆಚ್ಚು ಹೇಳುತ್ತವೆ, ಅಲ್ವಾ?

ಆ ಅಂಕಿಯೂ ಪೂರ್ತಿ ಅಲ್ಲ. ಬೋನಿಗೆ ಬೀಳುವುದು ಹೆಚ್ಚಾಗಿ ದೊಡ್ಡವು, ಮರಿಗಳಲ್ಲ. ಎಷ್ಟಿವೆ ಎಂದು ಲೆಕ್ಕ ಹಾಕಲು, ಹಿಡಿದು ಬಿಡುವ ಕ್ರೇಫಿಶ್ಶಿನ ಬೆನ್ನಿಗೆ ಗುರುತಿನ ಚೀಟಿ ಅಂಟಿಸಿದರೆ ಚಿಪ್ಪು ಕಳಚುವಾಗ ಅದೂ ಕಳಚಿ ಬೀಳುತ್ತದೆ.

ನಾಲ್ಕನೇ ಪುಟದಲ್ಲಿ ನೀವು ಬರೆದಿದ್ದೀರಿ: 'ಹೆಣ್ಣು ಕ್ರೇಫಿಶ್ ಬಾಲ ಮಡಚಿ, ಮೊಟ್ಟೆಗಳನ್ನು ಅವುಚಿಕೊಂಡು, ಮಣ್ಣಿನ ಬಿಲದಲ್ಲಿ ಕತ್ತಲಾಗಿ ಕೂತಿದೆ.' ಈ ಸಾಲು ಓದಿ ನಾನು ಪೆನ್ನು ಕೆಳಗಿಟ್ಟೆ. ಅದು ಬೋನಿಗೆ ಬರುವುದಿಲ್ಲ, ಸೆನ್ಸರಿಗೂ ಕಾಣುವುದಿಲ್ಲ. ಮುಂದಿನ ವರ್ಷ ಸರೋವರದಲ್ಲಿ ಎಷ್ಟು ಕ್ರೇಫಿಶ್ ಇರುತ್ತವೆ ಎಂಬುದು ಅದರ ಬಾಲದ ಕೆಳಗಿದೆ. ಲೇಖನ ಅಲ್ಲಿಂದ ಶುರುವಾಗಲಿ. 'ಡಿಜಿಟಲ್ ಕ್ರಾಂತಿ' ಎಂಬ ಮಾತು ಎಲ್ಲಿದ್ದರೂ ಹೊಡೆದು ಹಾಕಿ. ಒಂದೇ ಸರೋವರ, ಒಂದೇ ಜಾತಿ, ಒಂದು ಸಾಧನ, ಒಬ್ಬ ಮೀನುಗಾರ. 900 ಪದ ಮೀರದಿರಲಿ. ತಿಂಗಳೊಳಗೆ ಕಳಿಸಿದರೆ ನಾನೇ ಕೂತು ಓದುತ್ತೇನೆ.