ಯುದ್ಧ ಗೆದ್ದ ಶ್ರೀಲಂಕಾ ಜಿನೀವಾದಲ್ಲಿ ಯಾಕೆ ಸೋತಿತು?

ಪ್ರಶ್ನೆ: 2009ರಲ್ಲಿ ಶ್ರೀಲಂಕಾದ ಯುದ್ಧ ಮುಗಿಯಿತು. ಪ್ರತ್ಯೇಕ ತಮಿಳು ದೇಶಕ್ಕಾಗಿ ಹೋರಾಡುತ್ತಿದ್ದ ಎಲ್‌ಟಿಟಿಇ ಇಲ್ಲವಾಯಿತು. ಆದರೂ ಆ ದೇಶ ಒಮ್ಮೆ ಚೀನಾ, ಒಮ್ಮೆ ಭಾರತ, ಒಮ್ಮೆ ಜಿನೀವಾ ಅಂತ ಓಡಾಡ್ತಾನೇ ಇದೆ. ಅಂತರ್ಯುದ್ಧ ಮುಗಿಸಿದ ದೇಶ ವಿದೇಶಾಂಗ ನೀತಿಯನ್ನು ಹೊಸದಾಗಿ ಯೋಚಿಸುವುದು ಅಂದರೆ ಏನು?
– ಒಬ್ಬ ಪದವಿ ವಿದ್ಯಾರ್ಥಿನಿ, ಹಾಸನ

ಉತ್ತರ: ಯುದ್ಧ ನಡೆಯುತ್ತಿದ್ದಾಗ ಶ್ರೀಲಂಕಾದ ರಾಯಭಾರಿಗಳ ಕೆಲಸ ಸ್ಪಷ್ಟವಾಗಿತ್ತು. ಎಲ್‌ಟಿಟಿಇಯನ್ನು ನಿಷೇಧಿಸಿ, ಅವರಿಗೆ ಹೋಗುವ ದುಡ್ಡು ತಡೆಯಿರಿ, ನಮಗೆ ನೆರವು ಕೊಡಿ ಅಂತ ಊರೂರು ಸುತ್ತಿ ಕೇಳುವುದು. ಇದನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿದವರು ವಿದೇಶಾಂಗ ಸಚಿವರಾಗಿದ್ದ ಲಕ್ಷ್ಮಣ್ ಕದಿರ್ಗಾಮರ್. ಅವರೇ ತಮಿಳರು. 1997ರಲ್ಲಿ ಅಮೆರಿಕ, 2001ರಲ್ಲಿ ಬ್ರಿಟನ್ ನಿಷೇಧ ಹೇರಿದ್ದರ ಹಿಂದೆ ಅವರ ಶ್ರಮ ತುಂಬಾ ಇದೆ. 2005ರ ಆಗಸ್ಟ್ 12ರ ರಾತ್ರಿ ಕೊಲಂಬೊದ ತಮ್ಮ ಮನೆಯಲ್ಲಿ, ಈಜುಕೊಳದಿಂದ ಮೇಲೆ ಬಂದ ಹೊತ್ತಿನಲ್ಲಿ, ಮರೆಯಲ್ಲಿ ಕಾದಿದ್ದವನ ಗುಂಡಿಗೆ ಬಲಿಯಾದರು. ಮರುವರ್ಷ ಯುರೋಪಿಯನ್ ಒಕ್ಕೂಟವೂ ನಿಷೇಧ ಹೇರಿತು.

2009ರ ಮೇ ತಿಂಗಳಲ್ಲಿ ಮುಲ್ಲೈತೀವಿನ ನಂದಿಕಡಲ್ ಹಿನ್ನೀರಿನ ದಂಡೆಯಲ್ಲಿ ಯುದ್ಧ ಮುಗಿಯಿತು. ಹತ್ತು ದಿನದೊಳಗೆ ಜಿನೀವಾದಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿ ವಿಶೇಷವಾಗಿ ಸೇರಿತು. ಅಲ್ಲಿ ಅಂಗೀಕಾರವಾದದ್ದು ಶ್ರೀಲಂಕಾವನ್ನು ಹೊಗಳುವ ನಿರ್ಣಯ! ಪರ 29 ಮತ, ವಿರುದ್ಧ 12, ತಟಸ್ಥ 6. ಭಾರತವೂ ಪರವಾಗಿತ್ತು. ಮಹಿಂದ ರಾಜಪಕ್ಸ ಸರ್ಕಾರ ಇದನ್ನು ಎರಡನೇ ಗೆಲುವು ಅಂದುಕೊಂಡಿತು. ನನ್ನ ಪ್ರಕಾರ ಎಡವಿದ್ದು ಅಲ್ಲೇ. ಜಗತ್ತು ಅವತ್ತು ಕೊಟ್ಟಿದ್ದು ಸ್ವಲ್ಪ ಸಮಯ ಅಷ್ಟೇ. ಕೊಲಂಬೊ ಅದನ್ನು ತೀರ್ಪು ಅಂತ ಓದಿತು.

ಮೂರೇ ವರ್ಷದಲ್ಲಿ ಎಲ್ಲ ತಿರುಗಿಬಿತ್ತು. ಕೊನೆಯ ತಿಂಗಳುಗಳಲ್ಲಿ 40,000ದಷ್ಟು ನಾಗರಿಕರು ಸತ್ತಿರಬಹುದು ಅಂತ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ನೇಮಿಸಿದ್ದ ಸಮಿತಿ 2011ರಲ್ಲಿ ಹೇಳಿತು. ಸರ್ಕಾರ ಒಪ್ಪಲಿಲ್ಲ, ಆದರೆ ತಾನೇ ನಂಬಿಕೆ ಬರುವಂಥ ಲೆಕ್ಕವನ್ನೂ ಕೊಡಲಿಲ್ಲ. 2012ರ ಮಾರ್ಚ್‌ನಲ್ಲಿ ಅದೇ ಮಂಡಳಿಯಲ್ಲಿ ಶ್ರೀಲಂಕಾಗೆ ಇಷ್ಟವಿಲ್ಲದ ನಿರ್ಣಯ 24-15ರಲ್ಲಿ ಗೆದ್ದಿತು. ಭಾರತ ಈ ಸಲವೂ ನಿರ್ಣಯದ ಪರ, ಅಂದರೆ ಕೊಲಂಬೊ ವಿರುದ್ಧ. ತಮಿಳುನಾಡಿನ ಒತ್ತಡ ಇತ್ತು ನಿಜ. ಮರುವರ್ಷ ಇದೇ ವಿಷಯಕ್ಕೆ ಡಿಎಂಕೆ ಯುಪಿಎ ಸರ್ಕಾರಕ್ಕೆ ಕೊಟ್ಟಿದ್ದ ಬೆಂಬಲವನ್ನೇ ವಾಪಸ್ ಪಡೆಯಿತು. ಆದರೆ ಒತ್ತಡದ ಮಾತೊಂದೇ ಅಲ್ಲ. ತನ್ನ ಸಂವಿಧಾನದ 13ನೇ ತಿದ್ದುಪಡಿ ಪ್ರಕಾರ ಪ್ರಾಂತ್ಯಗಳಿಗೆ ಅಧಿಕಾರ ಕೊಡುತ್ತೇವೆ ಅಂತ ಕೊಲಂಬೊ ದೆಹಲಿಗೆ ಮತ್ತೆ ಮತ್ತೆ ಹೇಳಿ, ಮಾಡದೆ ಬಿಟ್ಟಿತ್ತು.

ಹೊಡೆತ ಜಿನೀವಾದಲ್ಲಿ ಮಾತ್ರ ಬೀಳಲಿಲ್ಲ. ಯುರೋಪಿನಲ್ಲಿ ಸಿಗುತ್ತಿದ್ದ ಜಿಎಸ್‌ಪಿ ಪ್ಲಸ್ ಸುಂಕ ವಿನಾಯಿತಿ 2010ರ ಆಗಸ್ಟ್‌ನಲ್ಲಿ ಹೋಯಿತು. ಕಾರಣ ಮಾನವ ಹಕ್ಕು. ಪೆಟ್ಟು ಬಿದ್ದಿದ್ದು ಸಿದ್ಧ ಉಡುಪು ಉದ್ಯಮಕ್ಕೆ, ಅಂದರೆ ಹೊಲಿಗೆ ಯಂತ್ರದ ಮುಂದೆ ಕೂತ ಹೆಣ್ಣುಮಕ್ಕಳ ಕೆಲಸಕ್ಕೆ. ಅವರಲ್ಲಿ ಹೆಚ್ಚಿನವರು ಸಿಂಹಳ ಹಳ್ಳಿಗಳವರು. ಉತ್ತರದ ತಮಿಳರ ಅಳಲು ಕೇಳಿಸಿಕೊಳ್ಳದಿದ್ದಕ್ಕೆ ದಕ್ಷಿಣದ ಸಿಂಹಳ ಮನೆಯ ಸಂಬಳಕ್ಕೆ ಕುತ್ತು ಬಂತು. ಇದನ್ನು ಯಾವ ಚುನಾವಣಾ ಭಾಷಣದಲ್ಲೂ ಯಾರೂ ಬಿಡಿಸಿ ಹೇಳಲಿಲ್ಲ ಅನ್ನುವುದೇ ನನಗೆ ಬೇಜಾರು.

ಆಗ ಏನೂ ಪ್ರಶ್ನೆ ಕೇಳದ ಸ್ನೇಹಿತ ಬೇಕಾಯಿತು. ಚೀನಾ ಸಿಕ್ಕಿತು. ಅದು ಹೊಸ ಸ್ನೇಹವೇನಲ್ಲ. 1952ರಲ್ಲಿ ಸಿಲೋನ್ (ಶ್ರೀಲಂಕಾದ ಆಗಿನ ಹೆಸರು) ಅಕ್ಕಿಗೆ ಪರದಾಡುತ್ತಿತ್ತು, ಅತ್ತ ರಬ್ಬರ್ ಬೆಲೆ ಕುಸಿದಿತ್ತು. ಅಮೆರಿಕದ ಮುನಿಸನ್ನೂ ಲೆಕ್ಕಿಸದೆ ಚೀನಾ ಜೊತೆ ರಬ್ಬರ್ ಕೊಟ್ಟು ಅಕ್ಕಿ ತರುವ ಒಪ್ಪಂದ ಮಾಡಿಕೊಂಡಿತು. ಅದನ್ನು ಮಾಡಿದ್ದು ಎಡಪಂಥೀಯರಲ್ಲ, ಪಶ್ಚಿಮದ ಕಡೆ ಒಲವಿದ್ದ ಯುಎನ್‌ಪಿ ಪಕ್ಷದ ಸರ್ಕಾರ! ಮನೆಯಲ್ಲಿ ಅನ್ನ ಬೇಕು, ಅದಕ್ಕೆ ಹೊರಗೆ ದಾರಿ ಹುಡುಕಿದರು. ನನಗೆ ನೀತಿ ಅಂದರೆ ಇದು. 2009ರ ನಂತರದ ಚೀನಾ ಸ್ನೇಹ ಹಾಗಲ್ಲ. ಅದರಲ್ಲಿ ಮನೆಯ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವ ಗಡಿಬಿಡಿ ಜಾಸ್ತಿ ಇತ್ತು. 2014ರಲ್ಲಿ ಚೀನಾದ ಜಲಾಂತರ್ಗಾಮಿಗಳು ಕೆಲವೇ ವಾರಗಳ ಅಂತರದಲ್ಲಿ ಎರಡು ಸಲ ಕೊಲಂಬೊಗೆ ಬಂದು ನಿಂತವು. ದೆಹಲಿ ಕೆರಳಿತು.

2015ರಲ್ಲಿ ಮೈತ್ರಿಪಾಲ ಸಿರಿಸೇನ ಅಧ್ಯಕ್ಷರಾಗಿ ಬಂದರು, ಚಕ್ರ ಉಲ್ಟಾ ತಿರುಗಿತು. ತನ್ನ ಬಗ್ಗೆಯೇ ಇದ್ದ ಜಿನೀವಾ ನಿರ್ಣಯಕ್ಕೆ ಶ್ರೀಲಂಕಾ ಸಹಪ್ರಾಯೋಜಕನಾಯಿತು. 2017ರಲ್ಲಿ ಸುಂಕ ವಿನಾಯಿತಿಯೂ ವಾಪಸ್ ಬಂತು. 2020ರಲ್ಲಿ ಗೋಟಬಯ ರಾಜಪಕ್ಸ ಸರ್ಕಾರ ಆ ಸಹಿಯಿಂದಲೇ ಹಿಂದೆ ಸರಿಯಿತು. ಸರ್ಕಾರ ಬದಲಾದಾಗಲೆಲ್ಲ ಮಾತು ಬದಲಾದರೆ ಹೊರಗಿನವರು ಯಾವುದನ್ನು ನಂಬಬೇಕು ಹೇಳಿ?

ನಿಮ್ಮ ಪ್ರಶ್ನೆಗೆ ನೇರ ಉತ್ತರ ಬೇಕಾದರೆ ಶ್ರೀಲಂಕಾದ ಉತ್ತರ ಭಾಗದ ಕಿಳಿನೊಚ್ಚಿಗೆ ಬನ್ನಿ. 2017ರ ಫೆಬ್ರವರಿ 20ರಂದು ಅಲ್ಲಿನ ಕಂದಸ್ವಾಮಿ ಕೋವಿಲ್ ಹತ್ತಿರ ರಸ್ತೆ ಬದಿ ಕೆಲವು ತಾಯಂದಿರು ಧರಣಿ ಕೂತರು. ಕೈಯಲ್ಲಿ ಮಕ್ಕಳ ಫೋಟೊ. ಶಾಲೆಯ ಗುರುತಿನ ಚೀಟಿಗೆ ತೆಗೆಸಿದ್ದು, ಮದುವೆ ಫೋಟೊದಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದು. ಕೆಲವರು ಹೇಳುವುದು ಇಷ್ಟೇ: ಯುದ್ಧದ ಕೊನೆಯ ದಿನ ನನ್ನ ಮಗನನ್ನು ನಾನೇ ಕೈಯಾರೆ ಸೈನ್ಯಕ್ಕೆ ಒಪ್ಪಿಸಿದೆ, ಅವನೆಲ್ಲಿ? ಧರಣಿ ವರ್ಷಗಟ್ಟಲೆ ನಡೆಯಿತು. ಉತ್ತರ ಸಿಗದೆ ಎಷ್ಟೋ ತಂದೆತಾಯಿ ತೀರಿಹೋದರು. ಆ ಪ್ರಶ್ನೆಗೆ ಕಿಳಿನೊಚ್ಚಿಯಲ್ಲೇ ಉತ್ತರ ಸಿಕ್ಕಿದ್ದರೆ ಅದು ಜಿನೀವಾ ತನಕ ಹೋಗುತ್ತಿರಲಿಲ್ಲ ಅಲ್ವಾ? ಕಾಣೆಯಾದವರ ಲೆಕ್ಕ, ಸೈನ್ಯ ಹಿಡಿದಿಟ್ಟುಕೊಂಡ ಜಮೀನು, ಪ್ರಾಂತ್ಯಗಳಿಗೆ ನಿಜವಾದ ಅಧಿಕಾರ, ಈ ಮೂರನ್ನು ಇತ್ಯರ್ಥ ಮಾಡದೆ ಎಷ್ಟು ಜಾಣ ರಾಯಭಾರಿಯನ್ನು ಕಳಿಸಿದರೂ ಅವನು ಆರೋಪಿ ಪರ ವಕೀಲನಾಗಿಯೇ ಇರುತ್ತಾನೆ. ವ್ಯಾಪಾರದ ಮಾತು, ಸಮುದ್ರದ ಮಾತು ಆಡಲು ಅವನಿಗೆ ಪುರುಸೊತ್ತೇ ಇರುವುದಿಲ್ಲ.

ಪ್ರಶ್ನೆ: ಹಂಬನ್‌ತೋಟ ಬಂದರನ್ನು ಚೀನಾ ಸಾಲದ ಬದಲಿಗೆ ಕಿತ್ತುಕೊಂಡಿತು ಅಂತ ವಾಟ್ಸಾಪ್‌ನಲ್ಲಿ ಓದಿದೆ. ನಿಜವೇ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ಅರ್ಧ ಮಾತ್ರ. ಬಂದರು ಕಟ್ಟಿದ್ದು ಚೀನಾ ಸಾಲದಲ್ಲಿ. 2010ರಲ್ಲಿ ಶುರುವಾಯಿತು, ಹಡಗುಗಳು ಲೆಕ್ಕಕ್ಕಿಷ್ಟು ಬಂದವು. 2017ರಲ್ಲಿ 99 ವರ್ಷದ ಗುತ್ತಿಗೆಗೆ ಚೀನಾ ಕಂಪನಿಗೆ ಕೊಟ್ಟರು, ಸಿಕ್ಕಿದ್ದು 112 ಕೋಟಿ ಡಾಲರ್. ಆದರೆ ಆ ದುಡ್ಡಿನಿಂದ ಬಂದರಿನ ಸಾಲ ವಜಾ ಆಗಲಿಲ್ಲ. ವಿದೇಶಿ ವಿನಿಮಯದ ಬೊಕ್ಕಸ ತುಂಬಿಕೊಳ್ಳಲು ಬಳಸಿದರು. ಸಾಲ ಹಾಗೇ ಉಳಿಯಿತು. 2022ರಲ್ಲಿ ದೇಶ ದಿವಾಳಿಯಾದಾಗ ಹೊರಗಿನ ಸಾಲದಲ್ಲಿ ಅತಿ ದೊಡ್ಡ ಪಾಲು ಚೀನಾದ್ದಲ್ಲ, 2007ರಿಂದ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಮಾರಿದ ಬಾಂಡ್‌ಗಳದ್ದು.

ಹಾಗಂತ ಚೀನಾ ಪಾತ್ರ ಸಣ್ಣದು ಅಂತ ನಾನು ಹೇಳುತ್ತಿಲ್ಲ. ಆದರೆ ಎಲ್ಲ ತಪ್ಪನ್ನೂ ಬೀಜಿಂಗ್ ಮೇಲೆ ಹಾಕಿದರೆ ಕೊಲಂಬೊದಲ್ಲಿ ಸಹಿ ಹಾಕಿದವರು ಸುಮ್ನೆ ತಪ್ಪಿಸಿಕೊಳ್ಳುತ್ತಾರೆ. 2022ರ ಕಷ್ಟದಲ್ಲಿ ಇಂಧನ, ಔಷಧ, ಸಾಲ ಅಂತ ಸುಮಾರು 400 ಕೋಟಿ ಡಾಲರ್ ನೆರವು ಕೊಟ್ಟಿದ್ದು ಭಾರತ. ಅದೇ ವರ್ಷದ ಆಗಸ್ಟ್‌ನಲ್ಲಿ ಭಾರತದ ಆಕ್ಷೇಪದ ನಡುವೆಯೂ ಉಪಗ್ರಹ, ಕ್ಷಿಪಣಿಗಳ ಜಾಡು ಹಿಡಿಯುವ ಚೀನಾದ ಯುವಾನ್ ವಾಂಗ್ 5 ಹಡಗು ಹಂಬನ್‌ತೋಟಕ್ಕೆ ಬಂದು ನಿಂತಿತು. ಎರಡೂ ಕಡೆ ಬೇಡ ಅನ್ನಲಾಗದ ಸ್ಥಿತಿ ಹೇಗಿರುತ್ತೆ ಅನ್ನುವುದಕ್ಕೆ ಆ ಒಂದು ವರ್ಷ ಸಾಕು.

ಪ್ರಶ್ನೆ: ಇದೆಲ್ಲ ತಮಿಳುನಾಡಿನ ವಿಷಯ. ಕರ್ನಾಟಕದ ನಮಗೆ ಏನು ಸಂಬಂಧ?
– ಒಬ್ಬ ಓದುಗರು, ಬೆಂಗಳೂರು

ಉತ್ತರ: ನಿಮ್ಮ ಊರಿನ ಕೋಣನಕುಂಟೆಯನ್ನು ನೆನಪಿಸಿಕೊಳ್ಳಿ. ರಾಜೀವ್ ಗಾಂಧಿ ಹತ್ಯೆಯ ಸಂಚು ನಡೆಸಿದ ಎಲ್‌ಟಿಟಿಇಯ ಶಿವರಾಸನ್ ಮತ್ತು ಸಂಗಡಿಗರು 1991ರ ಆಗಸ್ಟ್‌ನಲ್ಲಿ ಸತ್ತಿದ್ದು ಅಲ್ಲಿನ ಒಂದು ಮನೆಯಲ್ಲಿ.

ಆದರೆ ನಾನು ಹೇಳಬೇಕೆಂದಿರುವುದು ಸುಳ್ಯ, ಪುತ್ತೂರು ಕಡೆಯ ಮಾತು. ಅಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿವೆ. ಬೆಳಗಿನ ಜಾವ ಎದ್ದು ಮರದ ತೊಗಟೆ ಗೀರಿ, ಚಿಪ್ಪಿಗೆ ಹಾಲು ಇಳಿಸುವ ಅಲ್ಲಿನ ಎಷ್ಟೋ ಕುಟುಂಬಗಳ ಹಿರಿಯರು ಶ್ರೀಲಂಕಾದ ತೋಟಗಳಲ್ಲಿ ದುಡಿದವರು. 1948ರಲ್ಲಿ ಅಲ್ಲಿನ ಕಾನೂನು, ಬ್ರಿಟಿಷರ ಕಾಲದಲ್ಲಿ ಭಾರತದಿಂದ ಹೋದವರ ಪೀಳಿಗೆಯಾದ ತೋಟದ ತಮಿಳರಿಗೆ ಪೌರತ್ವ ಇಲ್ಲದಂತೆ ಮಾಡಿತು. 1964ರಲ್ಲಿ ಅಲ್ಲಿನ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಮತ್ತು ಲಾಲ್ ಬಹದ್ದೂರ್ ಶಾಸ್ತ್ರಿ ಕೂತು ಲೆಕ್ಕ ಹಾಕಿದರು: 5,25,000 ಜನ ಭಾರತಕ್ಕೆ, 3,00,000 ಜನ ಅಲ್ಲಿಗೆ, ಉಳಿದ 1,50,000 ಜನರ ಮಾತು ಆಮೇಲೆ. ಹೋಗುತ್ತೀರಾ ಇರುತ್ತೀರಾ ಅಂತ ಅವರ ನಾಯಕರನ್ನು ಆ ಮೇಜಿಗೆ ಕರೆಯಲೇ ಇಲ್ಲ. ತನ್ನ ನೆಲದಲ್ಲೇ ಹುಟ್ಟಿದ ಜನರನ್ನು ವಿದೇಶಾಂಗ ಇಲಾಖೆಯ ಕಡತಕ್ಕೆ ಸೇರಿಸುವ ಚಾಳಿ ಆಗಲೇ ಇತ್ತು. ಹಾಗೆ ಬಂದವರಲ್ಲಿ ಒಂದಷ್ಟು ಜನಕ್ಕೆ ಕೆಲಸ ಕೊಡಲೆಂದೇ ಈ ರಬ್ಬರ್ ಗಿಡಗಳನ್ನು ನೆಟ್ಟಿದ್ದು. ಮುಂದಿನ ಸಲ ಸುಬ್ರಹ್ಮಣ್ಯಕ್ಕೆ ಹೋಗುವಾಗ ದಾರಿಯಲ್ಲಿ ಆ ತೋಟಗಳು ಕಂಡರೆ ಇಳಿದು ಮಾತಾಡಿಸಿ. ಅವರಿಗೆ ಕನ್ನಡ ಬರುತ್ತೆ.